ನಮ್ಮ ಭಜನೆಯವರು ಸುಮ್ಮನಿದ್ದ ದಿನ

ನನಗೆ ಹಾಡೋಕೆ ಬರೋದಿಲ್ಲ. ಈ ವಿಷಯ ನಾನು ಮದುವೆಯಾಗಿ ಬಂದ ಮೊದಲನೇ ಶನಿವಾರವೇ ಅರ್ಧ ಬ್ಯಾಟರಾಯನಪುರಕ್ಕೆ ಗೊತ್ತಾಗಿಹೋಯ್ತು. ನಮ್ಮತ್ತೆ ನಮ್ಮ ಬೀದಿಯ ಹೆಂಗಸರ ಭಜನಾ ಮಂಡಳಿಗೆ ಮುಂದಾಳು. ಹೊಸ ಸೊಸೆಯನ್ನ ಎಲ್ಲರ ಮುಂದೆ ಕೂರಿಸಿ, "ಒಂದ್ ಪದ ಏಳಮ್ಮ" ಅಂದರು. ಎರಡು ಸಾಲು ಹೇಳಿದೆ. ಮೂರನೇದಕ್ಕೆ ಬಾಯಿ ತೆರೆಯೋ ಹೊತ್ತಿಗೆ ನನ್ನ ಕೈಯಲ್ಲಿ ತಾಳ ಇತ್ತು. ಅತ್ತೆ ನನ್ನ ಕಡೆ ಒಂದು ಸಲ ನೋಡಿ, ತಾಳ ಕೊಟ್ಟು, ಮಿಕ್ಕಿದ್ದನ್ನ ಅವರೇ ಹಾಡಿಕೊಂಡು ಹೋದರು. ಅವತ್ತಿಂದ ನಾನು ತಾಳದವಳು.

ಮೊದಮೊದಲು ಮೈ ಉರಿಯೋದು. ಆಮೇಲೆ ಈ ಕೆಲಸದ ಬೆಲೆ ಗೊತ್ತಾಯ್ತು. ಹಾಡೋರು ಕಣ್ಣು ಮುಚ್ಚಿಕೊಂಡು ಹಾಯಾಗಿರ್ತಾರೆ, ಲೆಕ್ಕ ಹಿಡಿಯೋಳು ಮಾತ್ರ ಕಣ್ಣು ಬಿಟ್ಟುಕೊಂಡಿರಬೇಕು. ಹಾಗಾಗಿ ನಡೆದಿದ್ದನ್ನ ಸರಿಯಾಗಿ ನೋಡಿದವಳು ನಾನೇ, ಬೇರೆಯವರು ಏನೇ ಹೇಳಲಿ ನಂಬಬೇಡಿ.

ನಮ್ಮ ಮಂಡಳಿಯಲ್ಲಿ ಒಂದು ಕಟ್ಟುಪಾಡಿದೆ. ದೀಪ ಹಚ್ಚಿದ ಮೇಲೆ ಮಂಗಳಾರತಿ ಆಗೋವರೆಗೂ ಹಾಡಿನ ಸಾಲು ಕೆಳಗೆ ಬೀಳಬಾರದು. ಮುಂದೆ ಹಾಡ್ತಿರೋರಿಗೆ ಉಸಿರು ಸಾಲಲಿಲ್ಲ, ಕೆಮ್ಮು ಬಂತು, ಮುಂದಿನ ಮಾತು ಮರೆತುಹೋಯ್ತು, ಏನೇ ಆಗಲಿ, ಪಕ್ಕದಲ್ಲಿರೋರು ಆ ಕ್ಷಣಕ್ಕೆ ಅದನ್ನ ಎತ್ತಿಕೊಳ್ಳಬೇಕು. "ನಾನು ತಗೊಳ್ಳಲಾ" ಅಂತ ಮುಖ ನೋಡೋದೂ ಇಲ್ಲ. ಈಗ ಏರ್‌ಪೋರ್ಟ್ ರೋಡಿನ ಸರ್ವಿಸ್ ರಸ್ತೆ ಇರೋ ಜಾಗದಲ್ಲಿ ನಮ್ಮನೆಯವರ ರಾಗಿ ಹೊಲ ಇದ್ದ ಕಾಲದಿಂದಲೂ ಇದು ನಡೆದುಕೊಂಡು ಬಂದಿದೆ. ಅತ್ತೆಗೆ ಈ ಎತ್ತಿಕೊಳ್ಳೋದು ಎಷ್ಟು ಅಭ್ಯಾಸ ಅಂದರೆ, ಮನೆಯಲ್ಲಿ ನಾನು ಮಾತಾಡ್ತಾ ಅರ್ಧಕ್ಕೆ ನಿಲ್ಲಿಸಿದರೆ ಮಿಕ್ಕಿದ್ದನ್ನೂ ಅವರೇ ಹೇಳಿ ಮುಗಿಸ್ತಾರೆ. ಸಾಮಾನ್ಯವಾಗಿ ನಾನು ಅಂದುಕೊಂಡಿದ್ದಕ್ಕೆ ಉಲ್ಟಾ.

ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದವರು ಒಬ್ಬ ಮೇಡಂ. ಹೊಸ ಏರ್‌ಪೋರ್ಟ್ ಶುರುವಾಗಿ ಐದಾರು ವರ್ಷ ಆಗಿತ್ತು ಆಗ. ಅರವತ್ತೈದು ದಾಟಿದ ಹೆಂಗಸು, ಒಬ್ಬರೇ, ಕತ್ತರಿಸಿದ ಬಿಳಿ ಕೂದಲು, ಕಿವಿಯಲ್ಲಿ ದೊಡ್ಡ ದೊಡ್ಡ ಬಳೆಯಂಥ ಓಲೆ. ಕಂಟೋನ್ಮೆಂಟ್ ಕಡೆ ಹುಟ್ಟಿ ಬೆಳೆದವರು. ನಲವತ್ತು ವರ್ಷ ಹೋಟೆಲು, ಕ್ಲಬ್ಬು, ಹಾಲ್‌ಗಳಲ್ಲಿ ಹಾಡಿದವರಂತೆ. ಏನು ಹಾಡ್ತೀರಿ ಅಂತ ಕೇಳಿದ್ದಕ್ಕೆ "ಸೋಲ್" ಅಂದರು. ಅಮೆರಿಕದ ಕಪ್ಪು ಜನ ಚರ್ಚಿನಲ್ಲಿ ಹಾಡ್ತಿದ್ದ ರೀತಿಯಿಂದ ಹುಟ್ಟಿದ ಸಂಗೀತವಂತೆ. ಒಬ್ಬರು ಮುಂದೆ ಕೂಗಿ ಕೇಳ್ತಾರೆ, ಹಿಂದಿನವರೆಲ್ಲ ಉತ್ತರ ಕೊಡ್ತಾರೆ. ಅತ್ತೆ ಇದನ್ನ ಕೇಳಿ, "ಅದೇನ್ ಒಸಾದಾ? ನಾವ್ ಮಾಡೋದೂ ಅದೇ ತಾನೆ" ಅಂದರು.

ಮೇಡಂ ಶನಿವಾರ ಸಂಜೆ ಇಳಿದು ಬಂದು ಮೆಟ್ಟಿಲ ಮೇಲೆ ಕೂರೋದು ಶುರು ಮಾಡಿದರು. ನಮ್ಮ ಭಜನೆ ನಡೆಯೋದು ಮನೆ ಕೆಳಗೆ, ಕಾರು ನಿಲ್ಲಿಸೋ ಜಾಗದಲ್ಲಿ. ಕಾರು ಹೊರಗೆ ತೆಗೆದು ಜಮಖಾನ ಹಾಸ್ತೀವಿ. ಒಂದು ಶನಿವಾರ ಅತ್ತೆಗೆ ಕೆಮ್ಮು ಬಂದು, ಮೂಲೆಮನೆ ಅಜ್ಜಿ ಸಾಲು ಎತ್ತಿಕೊಂಡರು. ಅಜ್ಜಿಗೆ ಎಂಬತ್ತು ಹತ್ತಿರ. ಮೇಡಂ ಎದ್ದು ನಿಂತುಬಿಟ್ಟರು. ಮುಗಿದ ಮೇಲೆ, ಅದು ಹೇಗೆ, ಯಾರು ಹೇಳಿಕೊಟ್ಟಿದ್ದು, ಒಂದು ಚೂರೂ ಗ್ಯಾಪ್ ಬರಲಿಲ್ಲವಲ್ಲ ಅಂತ ಅತ್ತೆಯನ್ನ ಬಿಡದೆ ಕೇಳಿದರು. ಅತ್ತೆ ಮುಖ ನೋಡಬೇಕಿತ್ತು ನೀವು. ಒಂದು ವಾರ ಆ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ ಅವರು.

ಹಾಗೆ ಶುರುವಾಗಿದ್ದು. ಮೇಡಂ ಮೂರು ವರ್ಷದಿಂದ ಸ್ಟೇಜ್ ಹತ್ತಿರಲಿಲ್ಲ, ಈಗ ಒಂದು ಶೋ ಮಾಡಬೇಕು ಅಂದುಕೊಂಡಿದ್ದರು. ಒಂಟಿಯಾಗಲ್ಲ. ಪ್ರತಿ ಹಾಡಿಗೂ ಬೇರೆ ಬೇರೆ ಜನ ಜೊತೆಗೆ: ಒಂದಕ್ಕೆ ಮೃದಂಗದವರು, ಒಂದಕ್ಕೆ ಆರ್.ಟಿ. ನಗರದ ಕವ್ವಾಲಿಯ ಅಣ್ಣತಮ್ಮಂದಿರು. ಕೊನೆಯ ಹಾಡು ಅವರೇ ಕಟ್ಟಿದ್ದು. ಅದಕ್ಕೆ ನಾವು ಬೇಕಂತೆ.

"ಇಂಗ್ಲೀಷ್ ಪದಕ್ಕೆ ನಾವೇನ್ ಮಾಡಾನ?" ಅಂದರು ಅತ್ತೆ.

"ನಾನು ಇಂಗ್ಲೀಷಲ್ಲಿ ಕೇಳ್ತೀನಿ, ನೀವು ಕನ್ನಡದಲ್ಲಿ ಉತ್ತರ ಕೊಡಿ. ಯಾರಾದ್ರೂ ಇದ್ದೀರಾ ಅಂತ ಕೇಳೋ ಹಾಡು ಅದು."

"ಇಲ್ಲೇ ಇದ್ದೀವಿ ಅನ್ನಾದಾ?"

"ಅಷ್ಟೇ," ಅಂದರು ಮೇಡಂ. "ಅದೇ ನಿಮ್ಮ ಸಾಲು."

ಒಂಬತ್ತು ಜನ ಹೆಂಗಸರು, ಒಂದು ಸಾಲು. ಅದಕ್ಕೆ ಯಾವ ಸೀರೆ ಉಡೋದು ಅಂತ ಎರಡು ವಾರ ಜಗಳ ಆಯ್ತು. ಅತ್ತೆ ಎಲ್ಲರೂ ಹಸಿರು ರೇಷ್ಮೆ ಅಂದರು. ನನ್ನ ಹತ್ತಿರ ಹಸಿರು ರೇಷ್ಮೆ ಇರಲಿಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಅವರದೇ ಒಂದು ತೆಗೆದುಕೊಟ್ಟರು. ಕೊಡುವಾಗ, "ಕಾಫಿ ಗೀಫಿ ಚೆಲ್ಲೀಯ" ಅಂತ ಎಚ್ಚರಿಕೆ ಬೇರೆ.

ಇನ್ನು ನನ್ನ ತಪ್ಪಿಗೆ ಬರ್ತೀನಿ.

ಒಂದು ಮಧ್ಯಾಹ್ನ ತಾರಸಿಯಲ್ಲಿ ನಾನು ಮೆಣಸಿನಕಾಯಿ ಒಣಗಿಸ್ತಿದ್ದೆ. ಮೇಡಂ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೆಳಗೆ ಹೆಬ್ಬಾಳದ ಕಡೆ ಹೋಗೋ ಗಾಡಿಗಳು ಎಂದಿನ ಹಾಗೆ ಕಚ್ಚಿಕೊಂಡು ನಿಂತಿದ್ದವು. ಮೂರು ವರ್ಷ ಯಾಕೆ ಹಾಡಲಿಲ್ಲ ಅಂತ ನಾನೇ ಕೇಳಿದೆ. ನನ್ನ ಬಾಯಿಗೆ ಬೀಗ ಇಲ್ಲ, ಅದು ಹುಟ್ಟುಗುಣ.

ಆ ಕೊನೆಯ ಹಾಡಿನಲ್ಲಿ ಒಂದು ಜಾಗ ಇದೆಯಂತೆ. ಡ್ರಮ್ಮು, ಗಿಟಾರು, ಕೀಬೋರ್ಡು ಎಲ್ಲ ಒಟ್ಟಿಗೆ ನಿಂತುಬಿಡುತ್ತೆ. ಯಾವ ಸದ್ದೂ ಇಲ್ಲ. ಆ ಮೌನದಲ್ಲಿ ಅವರು ನಿಂತು, ಕಾದು, ಆಮೇಲೆ ಒಬ್ಬರೇ ಮೇಲಿನ ಸ್ವರಕ್ಕೆ ಹೋಗಬೇಕು. ಹಿಂದಿನ ಶೋನಲ್ಲಿ ಎಲ್ಲ ನಿಂತಿತು. ಅವರು ಬಾಯಿ ತೆರೆದರು. ದನಿ ಬರಲಿಲ್ಲ. ಗಾಳಿ ಮಾತ್ರ ಬಂತು.

"ಜನ ಬೈದರಾ?" ಅಂದೆ.

"ಬೈದಿದ್ರೆ ಚೆನ್ನಾಗಿರ್ತಿತ್ತು. ಚಪ್ಪಾಳೆ ತಟ್ಟಿದ್ರು. ಪಾಪ ಅಂತ. ಆ ಚಪ್ಪಾಳೆ ಇದೆಯಲ್ಲ, ಅದು ಇನ್ನೂ ನನ್ನ ಕಿವೀಲಿದೆ."

ಆಮೇಲೆ ಹೇಳಿದರು, ಈ ಶೋ ಜನಕ್ಕಾಗಿ ಅಲ್ಲ, ಆ ಒಂದು ಜಾಗ ತಾವೊಬ್ಬರೇ ದಾಟೋಕೆ ಅಂತ. ಒಂದು ಸಲ ದಾಟಿದರೆ ಸಾಕು, ಇಲ್ಲದಿದ್ದರೆ ನಲವತ್ತು ವರ್ಷ ಹಾಡಿದ್ದು ಆ ಚಪ್ಪಾಳೆಯಲ್ಲೇ ಮುಗಿದ ಹಾಗೆ. "ಇದನ್ನ ಯಾರಿಗೂ ಹೇಳ್ಬೇಡ ಕಣೇ" ಅಂದರು. ದೇವರಾಣೆ ಹೇಳಲ್ಲ ಅಂದೆ.

ಸಂಜೆ ಹುರುಳಿಕಾಯಿ ಬಿಡಿಸ್ತಾ ಅತ್ತೆಗೆ ಹೇಳಿಬಿಟ್ಟೆ. ಕೆಟ್ಟ ಬುದ್ಧಿಯಿಂದ ಅಲ್ಲ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲಲ್ಲ, ಅಷ್ಟೇ. ಅತ್ತೆ ನಾರು ತೆಗೀತಾ, ತಲೆ ಎತ್ತದೆ, "ಪಾಪ, ಉಸ್ರು ಓಗ್ತದೇನೋ" ಅಂದರು. ನಾನು ಮೇಡಂ ಕಷ್ಟ ಹೇಳಿದ್ದೆ, ಆ ಜಾಗವನ್ನ ಅವರೊಬ್ಬರೇ ದಾಟಬೇಕಂತೆ ಅನ್ನೋದನ್ನ ಹೇಳೋದು ಬಿಟ್ಟಿದ್ದೆ. ಹೇಳೋಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದು ಹೋದೆ.

ಪ್ರಾಕ್ಟೀಸು ನಮ್ಮ ಭಜನೆಯ ಜಾಗದಲ್ಲೇ ನಡೀತು. ಡ್ರಮ್ಮು ಆಟೋದಲ್ಲಿ ಬಂತು. ಕೀಬೋರ್ಡ್ ನುಡಿಸೋರು ಮೇಡಂ ಹಳೆಯ ಜೊತೆಗಾರರು, ಬೋಳುತಲೆ, ನಗು ಮುಖ. ನಾವು ಹೇಗೆ ಕೂಗಿದರೂ "ಸೂಪರ್ ಅಮ್ಮಾ" ಅನ್ನೋರು. ನನಗೆ ಹೆಮ್ಮೆಯಾಗಿದ್ದು ಏನಪ್ಪ ಅಂದರೆ, ಡ್ರಮ್ಮಿನವರು ಒಂದು ದಿನ ನಿಲ್ಲಿಸಿ, "ಆ ತಾಳ ಹಾಕ್ತಿರೋರು ಯಾರು, ಅವರನ್ನ ನನ್ನ ಪಕ್ಕ ಕೂರಿಸಿ" ಅಂದರು. ಅತ್ತೆ ಥಟ್ಟನೆ, "ನಮ್ಮ ಸೊಸೆ. ನಾನೇ ಕೈಗೆ ಕೊಟ್ಟಿದ್ದು" ಅಂದರು. ಕೊಟ್ಟಿದ್ದು ಯಾಕೆ ಅಂತ ಮಾತ್ರ ಹೇಳಲಿಲ್ಲ.

ಆದರೆ ಪ್ರಾಕ್ಟೀಸಿನಲ್ಲಿ ಮೇಡಂ ಆ ಮೌನದ ಜಾಗವನ್ನ ಒಂದು ಸಲವೂ ಮಾಡಲಿಲ್ಲ. "ಇಲ್ಲಿ ಎಲ್ಲ ನಿಲ್ಲುತ್ತೆ, ಆಮೇಲೆ ನಾನು ಬರ್ತೀನಿ, ಆಮೇಲೆ ನೀವು" ಅಂತ ಬಾಯಲ್ಲೇ ಹೇಳಿ, ನೇರವಾಗಿ ನಮ್ಮ ಸಾಲಿಗೆ ಹಾರಿಬಿಡೋರು. ದನಿ ಉಳಿಸಿಕೊಳ್ತಿದ್ದಾರೆ ಅಂತ ಮಂಡಳಿಯವರು ಅಂದುಕೊಂಡರು. ಹೆದರಿಕೆ ಅಂತ ನನಗೊಬ್ಬಳಿಗೇ ಗೊತ್ತಿತ್ತು. ಅಂದರೆ, ನನಗೂ ಅತ್ತೆಗೂ.

ಶೋ ಇದ್ದಿದ್ದು ಯಲಹಂಕದ ಹತ್ತಿರ ಒಂದು ಸಣ್ಣ ಹಾಲ್‌ನಲ್ಲಿ, ಭಾನುವಾರ ನಾಲ್ಕು ಗಂಟೆಗೆ. ಮುನ್ನೂರು ಕುರ್ಚಿ ಇದ್ದಿರಬಹುದು, ತುಂಬಿತ್ತು. ನಾವು ಒಂಬತ್ತು ಜನ ಹಸಿರು ರೇಷ್ಮೆ ಉಟ್ಟು, ಮಲ್ಲಿಗೆ ಮುಡಿದು, ಪಕ್ಕದ ಪರದೆ ಹಿಂದೆ ಸಾಲಾಗಿ ಕೂತಿದ್ದೆವು. ಮೇಡಂ ಮೂರನೇ ಹಾಡಿಗೆ ಬರೋ ಹೊತ್ತಿಗೆ ನನಗೆ ನಾಚಿಕೆಯಾಯ್ತು. ಎರಡು ವರ್ಷ ನಮ್ಮ ತಲೆಯ ಮೇಲೆ ಓಡಾಡಿದ ಹೆಂಗಸು, ನಲ್ಲಿ ನೀರು ಬಂತಾ ಅಂತ ಕೇಳ್ತಿದ್ದ ಹೆಂಗಸು, ಇವರೇನಾ? ಒರಟು ದನಿ, ಕೆಳಗಿನಿಂದ ಎದ್ದು ಬಂದರೆ ಗುಂಡಿಗೆಯನ್ನೇ ಹಿಡಿದುಕೊಳ್ಳೋದು. ಕವ್ವಾಲಿಯ ಅಣ್ಣತಮ್ಮಂದಿರು ಒಂದು ಸಾಲು ಎಸೆದರೆ ಮೇಡಂ ಅದನ್ನ ಹಿಡಿದು ಇನ್ನೊಂದು ಕಡೆಗೆ ತಿರುಗಿಸಿ ವಾಪಸ್ ಎಸೆಯೋರು. ಅವರು ನಗ್ತಾ ಕೈ ಎತ್ತಿಬಿಟ್ಟರು. ಮೂಲೆಮನೆ ಅಜ್ಜಿ ನನ್ನ ಕಿವಿಯಲ್ಲಿ, "ನಮ್ ಬೀದಿಯೋಳು ಅಂತ ಎಲ್ರಿಗೂ ಗೊತ್ತಾ?" ಅಂದರು. ಗೊತ್ತು ಬಿಡಜ್ಜಿ ಅಂದೆ. ನನಗೇ ಕೂಗಿ ಹೇಳಬೇಕು ಅನ್ನಿಸ್ತಿತ್ತು.

ಕೊನೆಗೆ ನಮ್ಮನ್ನ ಕರೆದರು. ಹೋಗಿ ನಿಂತೆವು. ನಾನು ಡ್ರಮ್ಮಿನ ಪಕ್ಕ, ನನ್ನ ಪಕ್ಕ ಅತ್ತೆ, ಅವರ ಮುಂದೆ ಮಂಡಳಿಗೆಲ್ಲ ಸೇರಿ ಒಂದು ಮೈಕು. ಮೇಡಂ ಕೇಳಿದರು, ನಾವು "ಇಲ್ಲೇ ಇದ್ದೀವಿ" ಅಂದೆವು. ಮತ್ತೆ ಕೇಳಿದರು, ಮತ್ತೆ ಅಂದೆವು. ಪ್ರತಿ ಸಲವೂ ಅವರು ಬೇರೆ ಥರ ಕೇಳೋರು, ಅತ್ತೆ ಬೇರೆ ಥರ ಉತ್ತರ ಕೊಡೋರು. ಅದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ಜನ ತಾವೂ ತಾಳ ಹಾಕೋಕೆ ಶುರು ಮಾಡಿದರು. ಆಮೇಲೆ ಎಲ್ಲ ನಿಂತಿತು.

ಆ ಜಾಗ. ಮೇಡಂ ಕಣ್ಣು ಮುಚ್ಚಿ ನಿಂತಿದ್ದರು. ನನ್ನ ಮನಸ್ಸಿನಲ್ಲಿ ಲೆಕ್ಕ ತಾನಾಗೇ ಓಡ್ತಿತ್ತು. ನಾಲ್ಕಾಯ್ತು, ಎಂಟಾಯ್ತು. ಅವರ ಕತ್ತು ಒಂದು ಚೂರು ಅಲ್ಲಾಡಿತು. ಅಷ್ಟರಲ್ಲಿ ಪಕ್ಕದಿಂದ, ನಲವತ್ತು ವರ್ಷದ ಶನಿವಾರಗಳ ಅಷ್ಟೂ ಶಕ್ತಿ ಹಾಕಿ, ನಮ್ಮತ್ತೆ ಎತ್ತಿಕೊಂಡರು: "ಇಲ್ಲೇ ಇದ್ದೀವಿ."

ಅತ್ತೆ ಎತ್ತಿಕೊಂಡ ಮೇಲೆ ಮಂಡಳಿ ಬಿಡುತ್ತಾ? ಮಿಕ್ಕ ಏಳೂ ಜನ ಒಟ್ಟಿಗೆ. ಹೇಳೋಕೆ ನಾಚಿಕೆ, ನನ್ನ ಕೈಯೂ ಸುಮ್ಮನಿರಲಿಲ್ಲ, ತಾಳ ಝಲ್ ಅಂತು. ಡ್ರಮ್ಮಿನವರು ಗಾಬರಿಯಾಗಿ ಹಿಂದೆಯೇ ಬಂದರು. ಇದೇ ಇರಬೇಕು ಅಂದುಕೊಂಡು ಜನ ಜೋರಾಗಿ ಚಪ್ಪಾಳೆ ತಟ್ಟಿದರು, ಕೆಲವರು ಎದ್ದೂ ನಿಂತರು. ಕಣ್ಣು ಬಿಟ್ಟುಕೊಂಡಿದ್ದವಳು ನಾನು. ಮೇಡಂ ಮುಖ ನೋಡಿದೆ. ತಾರಸಿಯಲ್ಲಿ ಆ ಹಳೆಯ ಚಪ್ಪಾಳೆಯ ಮಾತು ಹೇಳುವಾಗ ಇದ್ದ ಮುಖ ಅದು.

ಅವರು ಮೈಕು ಕೆಳಗಿಳಿಸಿ ನಮ್ಮ ಹತ್ತಿರ ಬಂದರು. ಹಿಂದೆ ಸಂಗೀತ ತಗ್ಗಿತು. "ಅಮ್ಮಾ," ಅಂದರು ಅತ್ತೆಗೆ, ಮೆಲ್ಲಗೆ, "ನನಗೆ ಉಸಿರು ಹೋಗಿರ್ಲಿಲ್ಲ. ಕಾಯ್ತಾ ಇದ್ದೆ."

ಅತ್ತೆ ಮುಖ ಬಿಳಿಚಿಕೊಂಡಿತು. ಒಂದು ಗಳಿಗೆ, ಅಷ್ಟೇ. ಆಮೇಲೆ ಅವರು ಹೇಳಿದ್ದು ಮೇಡಂಗೆ, ಆದರೆ ಎದುರಿಗೆ ಮೈಕು ಇತ್ತಲ್ಲ, ಇಡೀ ಹಾಲ್‌ಗೆ ಕೇಳಿಸಿತು: "ಅಂಗಾದ್ರೆ ಇನ್ನೊಂದ್ ಸಲ ಮಾಡ್ರಮ್ಮ. ನಾವು ಬಾಯ್ ಬಿಡಾಕಿಲ್ಲ."

ಜನ ನಕ್ಕರು. ಮೇಡಂ ನಗಲಿಲ್ಲ. ಕೀಬೋರ್ಡಿನವರ ಕಡೆ ತಿರುಗಿ ಬೆರಳೆತ್ತಿದರು. ಹಾಡು ಹಿಂದಕ್ಕೆ ಹೋಗಿ ಮತ್ತೆ ಬಂತು. ಕೇಳಿದರು, ಉತ್ತರ ಕೊಟ್ಟೆವು. ಕೇಳಿದರು, ಕೊಟ್ಟೆವು. ಎಲ್ಲ ನಿಂತಿತು.

ಎಷ್ಟೋ ಹಬ್ಬ, ಎಷ್ಟೋ ಶನಿವಾರ ನಾವು ಹಾಡಿದ್ದೀವಿ. ಅವತ್ತು ಸುಮ್ಮನಿದ್ದಷ್ಟು ಕಷ್ಟ ಯಾವತ್ತೂ ಪಟ್ಟಿಲ್ಲ. ಮೂರು ತಲೆಮಾರಿನ ಕಟ್ಟುಪಾಡು ಗಂಟಲಲ್ಲಿ ಕೂತು ಎತ್ತಿಕೋ, ಎತ್ತಿಕೋ ಅಂತಿತ್ತು. ನಾನು ಎರಡೂ ತಾಳಗಳನ್ನ ಸೀರೆಯ ಮೇಲೆ ಹೊಟ್ಟೆಗೆ ಒತ್ತಿ ಹಿಡಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದಿದ್ದರು. ಬಳೆ ಒಳಗೆ ಇಳಿಯೋ ಹಾಗೆ ಹಿಡಿದಿದ್ದರು. ಎಂಟಾಯ್ತು. ಹನ್ನೆರಡಾಯ್ತು. ಮೂಲೆಮನೆ ಅಜ್ಜಿ ಉಸಿರೆಳೆದುಕೊಂಡಿದ್ದು ಕೇಳಿಸಿತು. ಅತ್ತೆ ತಿರುಗಿಯೂ ನೋಡದೆ ಇನ್ನೊಂದು ಕೈ ಚಾಚಿ ಅಜ್ಜಿಯ ಬಾಯಿ ಮುಚ್ಚಿದರು. ಹಾಲ್‌ನಲ್ಲಿ ಯಾರದೋ ಕುರ್ಚಿ ಕಿರ್ ಅಂತು. ಹದಿನಾರು. ಅಮ್ಮಾ ತಾಯಿ, ಬಾರಮ್ಮ ದನಿಯೇ ಅಂತ ಬೇಡಿಕೊಂಡೆ. ನಾನು ನನ್ನ ಮಕ್ಕಳ ಪರೀಕ್ಷೆಗೂ ಅಷ್ಟು ಬೇಡಿಕೊಂಡವಳಲ್ಲ.

ಬಂತು.

ನುಣುಪಾಗೇನೂ ಬರಲಿಲ್ಲ. ಶುರುವಿನಲ್ಲಿ ತರಚಿಕೊಂಡು, ಸ್ವಲ್ಪ ಸೀಳಿಕೊಂಡು ಬಂತು. ಆಮೇಲೆ ಮೇಲಕ್ಕೆ ಹೋಯ್ತು, ಇನ್ನೂ ಮೇಲಕ್ಕೆ ಹೋಯ್ತು, ಅಲ್ಲಿ ನಿಂತುಕೊಂಡಿತು. ಅದರ ಕೆಳಗೆ ಯಾವ ಆಸರೆಯೂ ಇರಲಿಲ್ಲ. ಡ್ರಮ್ಮಿಲ್ಲ, ತಾಳ ಇಲ್ಲ, ನಾವಿಲ್ಲ. ಅವರೊಬ್ಬರೇ.

ಆಮೇಲೆ ನಮ್ಮ ಸಾಲು ಬರಬೇಕಿತ್ತು. ನಾವು ಬಾಯಿ ಮುಚ್ಚಿದ್ದು ಎಷ್ಟು ಗಟ್ಟಿಯಾಗಿತ್ತು ಅಂದರೆ ತೆರೆಯೋದೇ ಮರೆತುಹೋಗಿತ್ತು. ಮೇಡಂ ತಿರುಗಿ, ಎರಡೂ ಕೈ ಚಾಚಿ ಬನ್ನಿ ಬನ್ನಿ ಅಂತ ಕರೆದರು. ಅತ್ತೆಯ ಕಣ್ಣಲ್ಲಿ ನೀರು ಸುರೀತಿತ್ತು, ಅವರು ಹಾಡಲಿಲ್ಲ. ಆಗ ಸಾಲನ್ನ ಎತ್ತಿಕೊಂಡವಳು ನಾನು. ಹಾಡೋಕೆ ಬರದವಳು. ಶ್ರುತಿ ಎಲ್ಲಿತ್ತೋ, ದೇವರೇ ಬಲ್ಲ. ನನ್ನ ಹಿಂದೆ ಎಲ್ಲರೂ ಬಂದರು, ಆಮೇಲೆ ಆ ಮುನ್ನೂರು ಜನವೂ "ಇಲ್ಲೇ ಇದ್ದೀವಿ" ಅಂದರು. ನನ್ನ ಜೀವನದಲ್ಲಿ ನಾನು ಇನ್ನೇನು ಮಾಡಿದ್ದೀನೋ ಬಿಟ್ಟಿದ್ದೀನೋ, ಅವತ್ತು ಅಲ್ಲಿ ನಿಂತಿದ್ದೆ ಅಂತ ನನಗೆ ಹೆಮ್ಮೆ ಇದೆ. ಸುಳ್ಳು ವಿನಯ ನನಗೆ ಬರಲ್ಲ.

ಮುಗಿದ ಮೇಲೆ ಹೊರಗೆ ಕಾಫಿ ಕೊಡ್ತಿದ್ದರು. ಬಿಸಿಲು ಇನ್ನೂ ಇತ್ತು. ನಾನು ಅತ್ತೆಯ ಸೀರೆಗೆ ಹೆದರಿ ಕಾಫಿ ಮುಟ್ಟಲಿಲ್ಲ. ಜುಬ್ಬಾ ಹಾಕಿಕೊಂಡ ಒಬ್ಬರು ಅತ್ತೆಯ ಹತ್ತಿರ ಬಂದು ಕೈ ಮುಗಿದು, "ಅಮ್ಮಾ, ಮೊದಲನೇ ಸಲ ಆ ಸೈಲೆನ್ಸ್ ಒಳಗೆ ನೀವು ಬಂದ್ರಲ್ಲ, ಎಂಥಾ ಐಡಿಯಾ ಅದು" ಅಂದರು. ಮೇಡಂ ಅಲ್ಲೇ ಎರಡು ಹೆಜ್ಜೆ ದೂರದಲ್ಲಿ ಯಾರ ಜೊತೆಗೋ ಮಾತಾಡ್ತಿದ್ದರು.

ಅತ್ತೆ ತಕ್ಷಣ ಹೇಳಿದರು: "ಅದು ತಪ್ಪು ಕಣಪ್ಪ. ಆವಮ್ಮ ಕಾಯ್ತಾ ಇದ್ರು, ನಾನು ನಡುವೆ ಬಾಯ್ ಆಕ್ದೆ. ಎರಡ್ನೇ ಸಲ ಕೇಳ್ದಾ ನೀನು? ಆವಮ್ಮ ಒಬ್ರೇ ಓದ್ರಲ್ಲ ಮೇಲಕ್ಕೆ. ಪದ ಅಂದ್ರೆ ಅದು."

ಮೇಡಂ ಮಾತು ನಿಲ್ಲಿಸಿ ತಿರುಗಿದರು. ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡರು. ಸ್ಟೇಜಿನ ಮೇಲೆ ಅಳದ ಹೆಂಗಸು ಅಲ್ಲಿ, ಕಾಫಿ ಲೋಟಗಳ ಪಕ್ಕದಲ್ಲಿ, ಅತ್ತುಬಿಟ್ಟರು. ಆಮೇಲೆ ಮೂಗು ಒರೆಸಿಕೊಂಡು ನಗ್ತಾ ಕೇಳಿದರು: "ಆದ್ರೆ ಒಂದು ಹೇಳಿ, ನನಗೆ ಉಸಿರು ಹೋಯ್ತು ಅಂತ ನಿಮಗ್ಯಾಕೆ ಅನ್ನಿಸ್ತು?"

ದೇವರಾಣೆ ಹಾಕಿದ್ದು, ಹುರುಳಿಕಾಯಿ, ಎಲ್ಲ ನನ್ನ ಕಣ್ಣ ಮುಂದೆ ಬಂತು. ಅತ್ತೆ ನನ್ನ ಕಡೆ ಒಂದು ಸಲ ನೋಡಿದರು. ಮದುವೆಯಾದ ಹೊಸದರಲ್ಲಿ ತಾಳ ಕೈಗೆ ಕೊಟ್ಟಾಗ ನೋಡಿದ್ದರಲ್ಲ, ಅದೇ ನೋಟ.

"ಯಾರ್ ಏಳ್ಬೇಕಮ್ಮ," ಅಂದರು. "ನಂದೇ ಬುದ್ಧಿ. ವಯಸ್ಸಾಯ್ತು, ದುಡುಕ್ಬಿಟ್ಟೆ. ತಪ್ಪು ನಂದು."

ಅಲ್ಲಿಗೆ ನಾನು ಆ ಮನೆಗೆ ಬಂದು ಇಪ್ಪತ್ತೊಂದು ವರ್ಷ. ಸಾರಿಗೆ ಉಪ್ಪು ಜಾಸ್ತಿಯಾದರೂ ಉಪ್ಪಿನದೇ ತಪ್ಪು ಅನ್ನೋ ಹೆಂಗಸು ನಮ್ಮತ್ತೆ. ತಪ್ಪು ನಂದು ಅಂದಿದ್ದು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಅವರು ಒಪ್ಪಿಕೊಂಡ ಒಂದೇ ಒಂದು ತಪ್ಪು ನಾನು ಮಾಡಿದ್ದು.